ನಿಧಾನದ ಅಳತೆ

ನವೆಂಬರ್ 6, ಬುಧವಾರ

ಅರವತ್ತು ಕಿಲೊ. ವೇಗ ಎಪ್ಪತ್ತೊಂದು.

ಏಳು ತಿಂಗಳ ಮೇಲೆ ಭಾರ ಎತ್ತುವ ಬಾರ್ ಹಿಡಿದ ದಿನ ಮೊದಲು ಬರೆಯಬೇಕೆನಿಸಿದ್ದು ಈ ಸಂಖ್ಯೆ. ಅಂಗೈಗೆ ಹಚ್ಚುವ ಚಾಕ್ ಪುಡಿಯ ವಾಸನೆ, ಬಾರಿನ ತಣ್ಣನೆ ಉಕ್ಕು ಎಲ್ಲ ಆಮೇಲೆ ಎಂದುಕೊಂಡೆ. ಬಂದರಿನ ಧಾನ್ಯದ ಪ್ರಯೋಗಾಲಯದಲ್ಲಿ ಇಷ್ಟು ವರ್ಷ ಗೋಧಿಯ ತೇವ ಅಳೆದವಳಿಗೆ ಇದು ಅಭ್ಯಾಸವೋ, ಒಂದು ಬಗೆಯ ಹೆದರಿಕೆಯೋ, ಹೇಳಲಾರೆ.

ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ, ಈಗ ಮುಚ್ಚಿಹೋದ ಕರ್ಲಿಂಗ್ ಅಂಗಣದ ಹಿಂದೆ ಐಸ್ ಯಂತ್ರವಿದ್ದ ಕೋಣೆಯೇ ನಮ್ಮ ಕ್ಲಬ್ಬು. ಹೀಟರ್ ಈಗಲೂ ಒಂದೇ ಮೂಲೆಯನ್ನು ಬೆಚ್ಚಗಿಡುತ್ತದೆ. ಆ ಮೂಲೆಯಲ್ಲಿ ಈಗಲೂ ಆರ್ವೋನ ಕುರ್ಚಿ. ಕ್ಲಬ್ಬು ಕಟ್ಟಿದವನು ಅವನೇ. ಈಗ ಎತ್ತುವುದನ್ನು ಬಿಟ್ಟು ಮಾತಾಡುವುದನ್ನು ಹಿಡಿದಿದ್ದಾನೆ.

ಹೊಸದೆಂದರೆ ನೆಲದ ಮೇಲಿದ್ದ ಒಂದು ಪೆಟ್ಟಿಗೆ. ಊಟದ ಡಬ್ಬಿಯಷ್ಟು ದೊಡ್ಡದು. ಒಳಗಿಂದ ತೆಳ್ಳನೆಯ ದಾರ ಬರುತ್ತದೆ, ಅದರ ಕೊಕ್ಕೆಯನ್ನು ಬಾರಿಗೆ ಸಿಕ್ಕಿಸಬೇಕು. ಬಾರ್ ಮೇಲೇರಿದಂತೆ ದಾರ ಬಿಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಎಷ್ಟು ಸೆಂಟಿಮೀಟರ್ ಏರಿತೆಂದು ಪಕ್ಕದ ಪರದೆ ತೋರಿಸುತ್ತದೆ.

"ನನ್ನ ಷರತ್ತು ಒಂದೇ ಐಲಾ," ಎಂದಳು ಕೋಚ್ ಜನೀನ್. ಕಾಲೇಜಿನಲ್ಲಿ ವ್ಯಾಯಾಮ ವಿಜ್ಞಾನ ಕಲಿಸುತ್ತಾಳೆ. ವಯಸ್ಸಿನಲ್ಲಿ ನನ್ನ ಕೊನೆಯ ತಂಗಿಗಿಂತ ಚಿಕ್ಕವಳು. "ದಾರ ಕಟ್ಟದೆ ಒಂದು ಕಡ್ಡೀನೂ ಎತ್ತಬಾರದು. ವೇಗ ಇಪ್ಪತ್ತೈದಕ್ಕೆ ಇಳೀತು ಅಂದ್ರೆ ಅಲ್ಲಿಗೆ ನಿನ್ನ ಶಕ್ತಿ ಮುಗೀತು ಅಂತ. ಬೀಪ್ ಅನ್ನತ್ತೆ. ಬಾರ್ ಇಳಿಸಬೇಕು. ಚೌಕಾಸಿ ಇಲ್ಲ."

"ಅತ್ತೆ ಬಂದ್ಲು ಅನ್ನಿ," ಎಂದ ಆರ್ವೋ. "ಮೂಲೇಲಿ ಕೂತು ಸೊಸೆ ಮಾಡಿದ್ದಕ್ಕೆಲ್ಲ ಕುಂಯ್ ಅನ್ನೋದು. ನಮ್ ಕಾಲದಲ್ಲೂ ಒಂದು ವೇಗದ ಯಂತ್ರ ಇತ್ತಮ್ಮ. ಹೇಯ್ಕಿ ಅಂತ ಹೆಸರು. 'ಏಳೋ ಸೋಮಾರಿ' ಅಂತ ಅರಚ್ತಿತ್ತು."

ಪೆಟ್ಟಿಗೆಗೆ ಅತ್ತೆ ಎಂಬ ಹೆಸರು ನಿಂತುಬಿಟ್ಟಿತು.

ಏಪ್ರಿಲ್‌ನಲ್ಲಿ ನನ್ನ ಬೆನ್ನು ಹೋದದ್ದು ನೂರೈವತ್ತು ಕಿಲೊ ಎತ್ತುವಾಗ. ಮೊಣಕಾಲು ದಾಟಿತ್ತು. ಆಮೇಲಿನದು ನೆನಪಿಲ್ಲ, ನನ್ನ ಗಂಡ ಮರ್ರೆಯ ಬೂಟುಗಳು ಕಣ್ಣಿನ ಮಟ್ಟದಲ್ಲಿದ್ದದ್ದು ಮಾತ್ರ ನೆನಪಿದೆ. ಮಾರ್ಚ್ ಕೊನೆಗೆ ಸಡ್‌ಬರಿಯಲ್ಲಿ ಪ್ರಾಂತ್ಯದ ಸ್ಪರ್ಧೆ. ಅಲ್ಲಿ ಆ ನೂರೈವತ್ತನ್ನು ನೆಲದಿಂದ ಬಿಡಿಸಿ, ಸೊಂಟದವರೆಗೆ ತಂದು, ನೆಟ್ಟಗೆ ನಿಲ್ಲಬೇಕು. ಪದಕ ಬೇಡ. ಅಷ್ಟಾದರೆ ಸಾಕು.

ನವೆಂಬರ್ 15, ಶುಕ್ರವಾರ

ಎಪ್ಪತ್ತು ಕಿಲೊ, ಅರವತ್ತನಾಲ್ಕು. ಬುಧವಾರ ಇದೇ ತೂಕಕ್ಕೆ ಅರವತ್ತಾರು ಬಂದಿತ್ತು. ಎರಡು ಎಲ್ಲಿ ಹೋಯಿತು?

ಸಂಜೆ ಕ್ಲಬ್ಬಿನವರೆಲ್ಲ ಸೇರಿ ಊಟಕ್ಕೆ ಹೊರಗೆ ಹೋಗಿದ್ದೆವು. ಮೆನು ಹಿಡಿದು ನಾನು ಕೂತೇ ಇದ್ದೆ. ಪರಿಚಾರಿಕೆ ಮೂರನೆಯ ಸಲ ಬಂದಾಗ ಮರ್ರೆ ಅವಳಿಗೆ ಹೇಳಿದ: "ಇನ್ನೊಂದು ಸುತ್ತು ಹಾಕ್ಕೊಂಡು ಬಾ ತಾಯಿ. ನನ್ನ ಹೆಂಡ್ತಿ ಮದುವೆಗೆ ಹೂಂ ಅನ್ನಕ್ಕೆ ಹದಿನಾಲ್ಕು ತಿಂಗಳು ತಗೊಂಡ್ಲು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಿಕ್ಕಂದಿನಿಂದ ಕೇಳಿದ ಮಾತು: ಐಲಾ ನಿಧಾನ. ಈಗ ಅದನ್ನು ಹೇಳಲು ಒಂದು ಯಂತ್ರವೂ ಸಿಕ್ಕಿದೆ.

ನವೆಂಬರ್ 27, ಬುಧವಾರ

ತೊಂಬತ್ತು ಕಿಲೊ, ಐವತ್ತೆಂಟು!

ಆದರೆ ಇದನ್ನು ಹೀಗೇ ಬಿಟ್ಟರೆ ಸುಳ್ಳಾಗುತ್ತದೆ.

ಬಾರನ್ನು ಮೊದಲು ಬಿಗಿಯಾಗಿ ಹಿಡಿದು, ತೂಕವನ್ನು ಕಾಲಿಗೂ ಬೆನ್ನಿಗೂ ತೆಗೆದುಕೊಂಡು, ಆಮೇಲೆ ಏಳಬೇಕು. ಇದು ಮೊದಲ ದಿನದ ಪಾಠ. ನಾನು ಇಂದು ಬಾವಿಯ ಹಗ್ಗ ಜಗ್ಗಿದಂತೆ ಒಮ್ಮೆಲೇ ಕಿತ್ತೆ. ಪರದೆಯಲ್ಲಿ ಐವತ್ತೆಂಟು ಮಿನುಗಿತು. ಮುಂದಿನದಕ್ಕೆ ಇನ್ನೂ ಜೋರಾಗಿ ಕಿತ್ತೆ, ಅರವತ್ತು ನೋಡುವ ಆಸೆಗೆ. ಬೆನ್ನಿನ ಕೆಳಗೆ ಬೆಂಕಿಕಡ್ಡಿ ಗೀರಿದ ಹಾಗಾಯಿತು.

ಜನೀನ್ ಸಿಟ್ಟಾದಾಗ ದನಿ ತಗ್ಗಿಸುತ್ತಾಳೆ. "ನೀನು ಯಾರಿಗೆ ಎತ್ತುತಿದ್ದೀಯ?"

"ಅತ್ತೆಗೆ," ಎಂದ ಆರ್ವೋ ಮೂಲೆಯಿಂದ.

"ನೀವು ಸುಮ್ನಿರಿ. ಐಲಾ, ಕಿತ್ತರೆ ಸಂಖ್ಯೆ ಏರತ್ತೆ. ಅದು ನಿನ್ನ ಶಕ್ತಿ ಅಲ್ಲ, ನಿನ್ನ ಆತುರ. ಹುಡುಗರು ಮಾಡೋ ತಪ್ಪು ಇದು. ನಿನ್ನಿಂದ ನಿರೀಕ್ಷೆ ಮಾಡಿರಲಿಲ್ಲ."

ಚೀಲದ ಮೇಲುಭಾಗಕ್ಕೆ ಒಣಕಾಳು ಹಾಕಿ, ಹಸಿಯದನ್ನು ಅಡಿಯಲ್ಲಿಟ್ಟು ಮಾದರಿ ತರುವವರನ್ನು ನಾನು ಎಷ್ಟು ಸಲ ವಾಪಸು ಕಳಿಸಿಲ್ಲ? ಅವರ ಮುಖದಲ್ಲಿರುವ ಪೆಚ್ಚುನಗೆ ಇಂದು ನನ್ನ ಮುಖದಲ್ಲಿತ್ತು ಅನ್ನಿಸುತ್ತದೆ.

ನವೆಂಬರ್ 28, ಗುರುವಾರ

ನೆಲದ ಮೇಲೆ ಮಲಗಿ ಬರೆಯುತ್ತಿದ್ದೇನೆ. ಮರ್ರೆ ದಿಂಬು ತಂದುಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 9, ಸೋಮವಾರ

ಬೆನ್ನಿಗೆ ಏನೂ ಆಗಿಲ್ಲವಂತೆ, ಸ್ನಾಯು ಮುನಿಸಿಕೊಂಡಿದೆ ಅಷ್ಟೇ ಎಂದು ಫಿಸಿಯೋಥೆರಪಿಸ್ಟ್ ಹೇಳಿದಳು. ಮತ್ತೆ ಎಪ್ಪತ್ತಕ್ಕೆ ಇಳಿದೆವು.

ಜನೀನ್ ಪರದೆಯನ್ನು ನನಗೆ ಬೆನ್ನು ಮಾಡಿ ತಿರುಗಿಸಿಟ್ಟಳು. "ಇವತ್ತಿಂದ ಹೊಸ ಆಟ. ಎತ್ತಿ ಇಳಿಸಿದ ಮೇಲೆ ಮೊದಲು ನೀನು ಹೇಳಬೇಕು, ಎಷ್ಟು ಅಂತ. ಆಮೇಲೆ ನಾನು ಪರದೆ ಓದ್ತೀನಿ."

"ಪಂದ್ಯ ಇಲ್ಲದೆ ಆಟ ಏನು?" ಎಂದ ಆರ್ವೋ. "ವ್ಯತ್ಯಾಸ ಮೂರರ ಒಳಗಿದ್ರೆ ನಾನು ಬೇಕರಿಯಿಂದ ಪರ್ಷಿಯನ್ ಬನ್ನು ತರ್ತೀನಿ. ತಪ್ಪಿದ್ರೆ ನೀನು. ಗುಲಾಬಿ ಲೇಪ ಇರೋದೇ ಆಗಬೇಕು, ಆ ಒಣಕಲು ಬನ್ನು ತಂದು ಯಾಮಾರಿಸಬೇಡ."

"ಐವತ್ತು," ಎಂದೆ ಮೊದಲನೆಯದಕ್ಕೆ.

"ಅರವತ್ತೇಳು," ಎಂದಳು ಜನೀನ್.

"ನಲವತ್ತೈದು," ಎಂದೆ ಎರಡನೆಯದಕ್ಕೆ.

"ಅರವತ್ತಾರು."

ಆರ್ವೋ ತೊಡೆ ತಟ್ಟಿಕೊಂಡು ನಕ್ಕ. "ಇವಳು ತನ್ನನ್ನ ಹಳೇ ಟ್ರ್ಯಾಕ್ಟರ್ ಅಂದ್ಕೊಂಡಿದಾಳೆ!"

ಆರು ಸಲ ಎತ್ತಿದೆ. ಆರೂ ಸಲ ನಿಜವಾದ ವೇಗಕ್ಕಿಂತ ಕಡಿಮೆ ಹೇಳಿದೆ. ಯಾಕೆ, ಒಂದು ಸಲವಾದರೂ ಹೆಚ್ಚು ಹೇಳಬಾರದಿತ್ತೇ? ಇದನ್ನು ಯೋಚಿಸುತ್ತ ಬೇಕರಿಯ ಮುಂದೆ ಕಾರಿನಲ್ಲಿ ಸುಮ್ಮನೆ ಕೂತಿದ್ದೆ.

ಡಿಸೆಂಬರ್ 22, ಭಾನುವಾರ

ನಮ್ಮ ಹಬೆಕೋಣೆ ಸೌನಾದಲ್ಲಿ ಮರ್ರೆ ಒಲೆಯ ಕಲ್ಲುಗಳನ್ನೇ ನೋಡುತ್ತ ಕೂತಿದ್ದ. ಇಂಥ ಹೊತ್ತಿನಲ್ಲೇ ಅವನು ಮಾತಾಡುವುದು.

"ನೀನು ಎತ್ತೋದು ಬೇಡ ಅನ್ನಲ್ಲ ಐಲಾ. ಆದ್ರೆ ನೋಡಕ್ಕೆ ಬರಲ್ಲ. ಸಡ್‌ಬರಿಗೆ ಬಿಟ್ಟು, ಹೊರಗೆ ಟ್ರಕ್ಕಲ್ಲಿ ಕೂತಿರ್ತೀನಿ."

"ಅಷ್ಟು ದೂರ ಓಡಿಸಿ, ಹೊರಗೆ ಕೂರ್ತೀಯಾ?"

"ಮೂವತ್ತು ವರ್ಷ ಗೂಡ್ಸ್ ರೈಲು ಓಡಿಸಿದೀನಿ. ಹಳಿ ಮೇಲೆ ಏನೋ ಇದೆ ಅಂತ ಕಂಡಾಗ ಬ್ರೇಕ್ ಹಾಕಿರ್ತೀನಿ, ಆದ್ರೂ ರೈಲು ಹೋಗ್ತಾನೇ ಇರತ್ತೆ. ಅವತ್ತು ನಿನ್ನ ನೋಡ್ತಾ ನಿಂತಾಗ ಹಾಗೇ ಅನ್ನಿಸ್ತು. ಇನ್ನೊಂದು ಸಲ ಆಗಲ್ಲ ನನ್ ಕೈಲಿ."

ಕಲ್ಲಿನ ಮೇಲೆ ನೀರು ಹಾಕಿದೆ. ಹಬೆಯಲ್ಲಿ ಅವನ ಮುಖ ಕಾಣದಾಯಿತು. ಅವನಿಗೆ ಏನು ಹೇಳಬೇಕಿತ್ತು? ಏಪ್ರಿಲ್‌ನಿಂದ ನಾನೂ ಹೊರಗೇ ಕೂತಿದ್ದೇನೆ, ಒಳಗೆ ಹೋಗಲು ದಾರಿ ಹುಡುಕುತ್ತಿದ್ದೇನೆ ಎಂದೇ?

ಜನವರಿ 15, ಬುಧವಾರ

ಇಂದು ಲೆಕ್ಕದ ದಿನ. ಹಗುರದಿಂದ ಭಾರದವರೆಗೆ ಐದು ತೂಕ ಎತ್ತಿಸಿ, ಪ್ರತಿಯೊಂದರ ವೇಗ ಹಿಡಿದು, ಜನೀನ್ ಪರದೆಯ ಮೇಲೆ ಒಂದು ಗೆರೆ ಎಳೆದಳು. ತೂಕ ಏರಿದಂತೆ ವೇಗ ಇಳಿಯುತ್ತದೆ. ಗೆರೆ ಇಪ್ಪತ್ತೈದಕ್ಕೆ ಮುಟ್ಟುವ ಕಡೆ ಯಾವ ತೂಕವಿದೆಯೋ ಅದೇ ನನ್ನ ಮಿತಿ. ಅದನ್ನು ಎತ್ತಿ ನೋಡುವ ಅಪಾಯವೇ ಇಲ್ಲದೆ ಗೊತ್ತಾಗುತ್ತದೆ.

ನೂರಮೂವತ್ತೆರಡೂವರೆ.

"ಮಾರ್ಚ್‌ಗೆ ಇನ್ನೊಂದು ಐದು ಸೇರಬಹುದು," ಎಂದಳು. ನನ್ನ ಮುಖ ನೋಡಿ, "ಚೆನ್ನಾಗೇ ಇದೆ ಐಲಾ. ಏಳು ತಿಂಗಳು ಮಲಗಿದ್ದವಳಿಗೆ ತುಂಬಾ ಚೆನ್ನಾಗಿದೆ," ಎಂದೂ ಸೇರಿಸಿದಳು.

ನಾನು ವಾದಿಸಲಿಲ್ಲ. ತೇವದ ಯಂತ್ರ ಹದಿನೈದು ಎಂದರೆ ಹದಿನೈದೇ. ರೈತ ಅತ್ತರೂ ಅದು ಹದಿನಾಲ್ಕಾಗುವುದಿಲ್ಲ. ನೂರೈವತ್ತು ಈ ವರ್ಷಕ್ಕಲ್ಲ. ಬಹುಶಃ ಯಾವ ವರ್ಷಕ್ಕೂ ಅಲ್ಲ.

ವೇಗ ಊಹಿಸುವ ಆಟದಲ್ಲಿ ಮಾತ್ರ ಈ ವಾರ ಮೂರು ಪರ್ಷಿಯನ್ ಗೆದ್ದೆ. ಆರ್ವೋ ಎರಡನ್ನು ತಾನೇ ತಿಂದ.

ಫೆಬ್ರವರಿ 5, ಬುಧವಾರ

ನಿಧಾನವಾಗಿ, ಆದದ್ದನ್ನು ಆದಂತೆ ಬರೆಯಬೇಕು.

ನೂರಿಪ್ಪತ್ತು ಕಿಲೊ. ಬೀಪ್ ಬರುವವರೆಗೆ ಎತ್ತುತ್ತಿರು ಎಂದು ಹೇಳಿ ಜನೀನ್ ಫೋನ್ ಹಿಡಿದು ಹೊರಗೆ ಹೋದಳು. ಎರಡು ಬರಬಹುದು, ಹೆಚ್ಚೆಂದರೆ ಮೂರು ಎಂದಿದ್ದಳು. ಪರದೆ ಎಂದಿನಂತೆ ಗೋಡೆಯ ಕಡೆಗಿತ್ತು. ಆರ್ವೋ ರೇಡಿಯೊದಲ್ಲಿ ಹಾಕಿ ಪಂದ್ಯದ ಕಾಮೆಂಟರಿ ಕೇಳುತ್ತಿದ್ದ.

ಒಂದು. ಎರಡು. ಬೀಪ್ ಇಲ್ಲ. ಮೂರನೆಯದು ಭಾರವಾಗಿತ್ತು, ಬೀಪ್ ಇಲ್ಲ. ಅತ್ತೆ ಇನ್ನೂ ಇದೆ ಅನ್ನುತ್ತಾಳಲ್ಲ, ಇರಬಹುದು ಎಂದುಕೊಂಡು ನಾಲ್ಕನೆಯದಕ್ಕೆ ಬಾಗಿದೆ. ಮೊಣಕಾಲ ಹತ್ತಿರ ಬಾರ್ ನಿಂತೇಹೋಯಿತೇನೋ ಅನ್ನಿಸಿತು, ನಿಲ್ಲಲಿಲ್ಲ. ಐದನೆಯದು. ಮೈಯೆಲ್ಲ ಒಂದೇ ಹಲಗೆಯ ಹಾಗಿತ್ತು. ಬೆನ್ನು ಎಲ್ಲಿದೆ ಎಂದೂ ತಿಳಿಯಲಿಲ್ಲ. ಅಂದರೆ ಅದು ಸುಮ್ಮನಿತ್ತು. ನೆಟ್ಟಗೆ ನಿಂತೆ, ಇಳಿಸಿದೆ.

"ಹದಿನೈದು," ಎಂದು ಯಾರಿಗೂ ಅಲ್ಲದೆ ಹೇಳಿದೆ. ಅಭ್ಯಾಸ.

ಒಳಗೆ ಬಂದ ಜನೀನ್ ಪರದೆ ತಿರುಗಿಸಿದಳು. ಸಾಲುಗಳನ್ನು ಬೆರಳಿಟ್ಟು ಎಣಿಸಿದಳು.

"ಐದಾ? ಬೀಪ್ ಆಗಲಿಲ್ವಾ?"

"ಇಲ್ಲ."

"ಶಬ್ದ ಯಾರು ಮುಚ್ಚಿದ್ದು?"

ಆರ್ವೋ ರೇಡಿಯೊ ಸಣ್ಣ ಮಾಡಿದ. "ಪಂದ್ಯ ಮುಗಿಯೋ ಹೊತ್ತು. ಅತ್ತೆ ಮಧ್ಯ ಮಧ್ಯ ಕುಂಯ್ ಅಂತಿದ್ಲು. ಬಾಯಿಗೆ ಬೀಗ ಹಾಕ್ದೆ."

ಅವಳು ಅವನನ್ನು ಬಿಟ್ಟು ಪರದೆಗೆ ತಿರುಗಿದಳು. ಸಂಖ್ಯೆಗಳನ್ನು ಒಂದೊಂದಾಗಿ ಓದಿದಳು: "ಮೂವತ್ತಮೂರು. ಇಪ್ಪತ್ತೆಂಟು. ಇಪ್ಪತ್ತನಾಲ್ಕು. ಹತ್ತೊಂಬತ್ತು. ಹದಿನಾಲ್ಕು." ಆಮೇಲೆ, "ಇಪ್ಪತ್ತೈದಕ್ಕೆ ನೀನು ಮುಗೀಬೇಕಿತ್ತು," ಎಂದಳು, ದೂರಿನಂತೆ.

"ಬೆನ್ನು ಹೇಗಿದೆ?" ಎಂದು ಕೇಳಿದ್ದು ಆರ್ವೋ.

"ಇದೆ," ಎಂದೆ.

ಫೆಬ್ರವರಿ 7, ಶುಕ್ರವಾರ

ಎರಡೂ ದಿನ ಬೆಳಗ್ಗೆ ಎದ್ದು ಮೊದಲು ಬೆನ್ನನ್ನೇ ಕೇಳಿದೆ. ಏನೂ ದೂರಿಲ್ಲ.

ಕ್ಲಬ್ಬಿಗೆ ಹೋದಾಗ ಜನೀನ್ ಕಾಯುತ್ತಿದ್ದಳು. ಕಾಫಿ ತಂದಿದ್ದಳು, ನನಗೆ ಬೇಕಾದ ಹಾಗೆ ಕಪ್ಪಗೆ. ನಿದ್ದೆ ಮಾಡಿದವಳ ಹಾಗೆ ಕಾಣಲಿಲ್ಲ.

"ಆ ಇಪ್ಪತ್ತೈದು ಎಲ್ಲಿಂದ ಬಂತು ಗೊತ್ತಾ? ನನ್ನ ಕಾಲೇಜಿನ ಹುಡುಗರಿಂದ. ಮೂವತ್ತು ಜನ. ಎಲ್ಲ ಇಪ್ಪತ್ತು ವರ್ಷದೋರು. ಅವರು ಪಟಾಕಿ ಥರ. ಜೋರಾಗಿ ಹೋಗ್ತಾರೆ, ಇಪ್ಪತ್ತೈದಕ್ಕೆ ಬಂದ್ರೆ ಠುಸ್. ಅವರ ಸರಾಸರಿ ತಗೊಂಡು ನಿನ್ನ ಗೆರೆಗೆ ಹಾಕ್ದೆ. ನನ್ನ ವಿದ್ಯಾರ್ಥಿ ಯಾರಾದ್ರೂ ಹಾಗೆ ಮಾಡಿದ್ರೆ ಅಂಕ ಕತ್ತರಿಸ್ತಿದ್ದೆ." ಅವಳು ಕಪ್ಪನ್ನು ತಿರುಗಿಸುತ್ತಿದ್ದಳು. "ನಿನ್ನ ಕೊನೆ ಎಲ್ಲಿದೆ ಅಂತ ನಾನು ಬೇರೆಯವರನ್ನ ಕೇಳ್ದೆ ಐಲಾ."

"ನಾನೂ ಕೇಳಲಿಲ್ಲವಲ್ಲ," ಎಂದೆ.

"ನೀನು ಸೌನಾ ಒಲೆ. ನಿಧಾನ, ಆದ್ರೆ ಆರಲ್ಲ. ನಿಧಾನಕ್ಕೆ ಏಳೋದೂ ಒಂದು ಕಸುವು. ಹುಡುಗರಿಗೆ ಅದು ಬರಲ್ಲ."

ಅವಳು ಹಳೆಯ ಗೆರೆಯನ್ನು ಇಪ್ಪತ್ತೈದಕ್ಕೆ ನಿಲ್ಲಿಸದೆ ಕೆಳಗೆ, ಹದಿನಾಲ್ಕರವರೆಗೆ ಎಳೆದಳು. ಅದು ಮುಟ್ಟಿದ ಕಡೆ ನೂರನಲವತ್ತೆರಡೂವರೆ ಇತ್ತು. ಇನ್ನೂ ಏಳು ವಾರವಿದೆ.

ಹಿಂದಿರುಗುವಾಗ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತ ನಿಂತಿದ್ದೆ. ನಿಧಾನ ಎಂಬ ಮಾತನ್ನು ಹೊಗಳಿಕೆಯಾಗಿ ಯಾರಾದರೂ ನನಗೆ ಹೇಳಿದ್ದು ಇದೇ ಮೊದಲೇ? ಯೋಚಿಸಿದೆ. ಹೌದು, ಇದೇ ಮೊದಲು.

ಫೆಬ್ರವರಿ 19, ಬುಧವಾರ

ನೂರಮೂವತ್ತೈದು, ಎರಡು ಸಲ. ಇಪ್ಪತ್ತೇಳು ಎಂದೆ, ಇಪ್ಪತ್ತೇಳೇ ಬಂತು. ಇಪ್ಪತ್ತೆರಡು ಎಂದೆ, ಇಪ್ಪತ್ತಮೂರು.

ಆರ್ವೋ: "ಬೇಕರಿಗೆ ಸುರಿದು ಸುರಿದು ನಾನು ದಿವಾಳಿ ಆಗೋ ಹಾಗಿದೆ. ನಾಳೆಯಿಂದ ಒಂದರ ಒಳಗೆ ಹೇಳಬೇಕು."

ಮಾರ್ಚ್ 12, ಬುಧವಾರ

ಸರೋವರದ ಮೇಲಿನ ಮಂಜುಗಡ್ಡೆ ಬಿರುಕು ಬಿಡುವ ಸದ್ದು ಪ್ರಯೋಗಾಲಯದವರೆಗೂ ಕೇಳುತ್ತಿದೆ. ಹಡಗು ಬರುವ ಮೊದಲು ಎಲ್ಲ ಯಂತ್ರಗಳನ್ನೂ ಒರೆಹಚ್ಚಬೇಕು. ಹೊಸದಾಗಿ ಸೇರಿದ ಹುಡುಗಿ ತೇವದ ಯಂತ್ರ ತೋರಿಸಿದ್ದನ್ನು ಓದಿ ಬರೆದುಕೊಳ್ಳುತ್ತಿದ್ದಳು. "ಮೊದಲು ಮುಷ್ಟಿಯಲ್ಲಿ ಹಿಡಿದು ನೋಡು, ಎಷ್ಟಿರಬಹುದು ಹೇಳು, ಆಮೇಲೆ ಯಂತ್ರಕ್ಕೆ ಹಾಕು," ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಸಂಜೆ ಅಭ್ಯಾಸ ಚೆನ್ನಾಗಿತ್ತು. ಮೊದಲ ಸಲ ಬಾರ್ ನೆಲದಿಂದ ಏಳುವಾಗಲೇ ಇದು ಬರುತ್ತದೆ ಎಂದು ಗೊತ್ತಾಯಿತು. ಎಷ್ಟು ಬಂತೆಂದು ಜನೀನ್‌ಳನ್ನು ಕೇಳಲು ಮರೆತೆ.

ಮಾರ್ಚ್ 28, ಶುಕ್ರವಾರ. ಸಡ್‌ಬರಿ

ಎರಡು ದಿನದ ದಾರಿ. ಗಂಟೆಗೊಮ್ಮೆ ಮರ್ರೆ ಟ್ರಕ್ ನಿಲ್ಲಿಸುತ್ತಿದ್ದ, ನಾನು ಇಳಿದು ನಡೆದು ಬೆನ್ನು ಸಡಿಲ ಮಾಡಿಕೊಂಡು ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಆರ್ವೋ, ದಾರಿಯುದ್ದಕ್ಕೂ ತಾನು ಗೆದ್ದ ಸ್ಪರ್ಧೆಗಳನ್ನು ಹೇಳುತ್ತ, ಪ್ರತಿ ಊರಿಗೂ ಐದೈದು ಕಿಲೊ ಹೆಚ್ಚಿಸುತ್ತ ಬಂದ.

ಸಂಜೆ ಸ್ಪರ್ಧಿಗಳ ಮೈತೂಕ ನೋಡುವ ಕಡೆ ಕೊಲೆಟ್ ಸಿಕ್ಕಳು. ಈ ಊರಿನವಳು, ನನ್ನ ವಯಸ್ಸಿನ, ನನ್ನ ತೂಕದ ಗುಂಪಿನವಳು. ಎರಡು ವರ್ಷದಿಂದ ಅವಳೇ ಮೊದಲು.

"ಬಂದ್ಯಾ! ಬೆನ್ನು ತಂದಿದ್ಯೋ, ಮನೇಲಿ ಬಿಟ್ಟು ಬಂದ್ಯೋ?"

"ತಂದಿದೀನಿ. ರಿಪೇರಿ ಮಾಡಿಸಿ."

"ಒಳ್ಳೇದು. ಯಾರೂ ಇಲ್ದೆ ಗೆದ್ದು ಗೆದ್ದು ನಂಗೂ ಬೇಜಾರಾಗಿತ್ತು," ಎಂದು ಅಪ್ಪಿಕೊಂಡಳು. ಅವಳ ಭುಜ ಮರದ ಕೊರಡಿನ ಹಾಗಿದೆ.

ಬೇರೆಯಾಗಿ ಬಂದು ಸೇರಿದ ಜನೀನ್‌ಳ ಫೋನಿನಲ್ಲಿ ಕಳೆದ ವಾರದ ಗೆರೆ ಇದೆ. ನನ್ನ ಕೊನೆಯಾದ ಹದಿನಾಲ್ಕನ್ನೇ ಹಾಕಿ ಎಳೆದದ್ದು. ನೂರೈವತ್ತು, ಸರಿಯಾಗಿ. ಕೂದಲೆಳೆಯೂ ಹೆಚ್ಚಿಲ್ಲ. ನಾಳೆ ವೇದಿಕೆಯ ಮೇಲೆ ಪೆಟ್ಟಿಗೆ ಇರುವುದಿಲ್ಲ. ಸ್ಪರ್ಧೆಯ ಬಾರಿಗೆ ದಾರ ಕಟ್ಟುವಂತಿಲ್ಲ.

ಮಾರ್ಚ್ 29, ಶನಿವಾರ

ಕೈಯ ಚಾಕ್ ಇನ್ನೂ ಹೋಗಿಲ್ಲ, ಪುಟದ ಮೇಲೆಲ್ಲ ಬೆರಳಿನ ಗುರುತು. ಇರಲಿ.

ಭುಜದ ಮೇಲೆ ಬಾರ್ ಹೊತ್ತು ಕೂತೇಳುವ ಸ್ಕ್ವಾಟ್, ಮಲಗಿ ಎತ್ತುವ ಬೆಂಚ್ ಎರಡೂ ಮುಗಿದಾಗ ಕೊಲೆಟ್ ಮುಂದಿದ್ದಳು. ಉಳಿದದ್ದು ನೆಲದಿಂದ ಎತ್ತುವ ಡೆಡ್‌ಲಿಫ್ಟ್; ಇದಕ್ಕೆ ಮೂರು ಸರದಿ, ಗೆಲುವು ಮೂರೂ ಬಗೆಯ ಒಟ್ಟು ತೂಕಕ್ಕೆ. ಮೊದಲ ಸರದಿ ನೂರಮೂವತ್ತೈದು, ಸುಲಭ. ಎರಡನೆಯದು ನೂರನಲವತ್ತೈದು. ಮೂವರು ತೀರ್ಪುಗಾರರೂ ಸರಿ ಎಂದು ಬಿಳಿ ದೀಪ ಹಚ್ಚಿದರು. ವೇದಿಕೆಯಿಂದ ಇಳಿಯುತ್ತಿದ್ದಂತೆ ಜನೀನ್ ತೋಳು ಹಿಡಿದಳು. ಎತ್ತಿದ ಒಂದು ನಿಮಿಷದ ಒಳಗೆ ಮುಂದಿನ ತೂಕವನ್ನು ಮೇಜಿಗೆ ಕೊಡಬೇಕು, ಇಲ್ಲದಿದ್ದರೆ ಅವರೇ ಹಾಕಿಬಿಡುತ್ತಾರೆ.

"ಎಷ್ಟಿತ್ತು?" ಎಂದಳು. ಅಭ್ಯಾಸದ ಆಟದ ಪ್ರಶ್ನೆಯೇ. ಇಂದು ಮಾತ್ರ ಉತ್ತರ ನೋಡಲು ಪರದೆ ಇರಲಿಲ್ಲ.

"ಇಪ್ಪತ್ತೊಂಬತ್ತು."

"ಇಪ್ಪತ್ತೊಂಬತ್ತು? ನೂರನಲವತ್ತೈದಕ್ಕಾ? ಗೆರೆ ಇಪ್ಪತ್ತೊಂದು ಅನ್ನತ್ತೆ."

"ಇಪ್ಪತ್ತೊಂಬತ್ತು ಇತ್ತು ಜನೀನ್."

ಅವಳಿಗೆ ವಾದಿಸಲು ಸಮಯವಿರಲಿಲ್ಲ. ಸದ್ಯಕ್ಕೆ ನೂರೈವತ್ತು ಎಂದು ಚೀಟಿ ಬರೆದುಕೊಟ್ಟಳು. ಫಲಕದ ಮೇಲೆ ನನ್ನ ಹೆಸರಿನ ಮುಂದೆ ಆ ತೂಕ ಮೂಡಿತು; ನಾನು ಕೈಗೆ ಚಾಕ್ ಹಚ್ಚಿಕೊಂಡೆ.

ಕೊಲೆಟ್‌ಳ ಸರದಿ. ಅವಳ ಕೊನೆಯದು ನೂರನಲವತ್ತೇಳೂವರೆ. ಊರಿನವರೆಲ್ಲ ಎದ್ದು ನಿಂತು ಕಿರುಚುತ್ತಿದ್ದರು. ಎತ್ತಿದಳು, ಚಂದವಾಗಿ. ನಾನೂ ಚಪ್ಪಾಳೆ ತಟ್ಟಿದೆ.

ಜನೀನ್ ಓಡಿ ಬಂದಳು. "ಈಗ ನೂರೈವತ್ತು ಎತ್ತಿದ್ರೆ ನೀನು ಎರಡನೆಯವಳು. ನೂರೈವತ್ತೆರಡೂವರೆ ಎತ್ತಿದ್ರೆ ಮೊದಲನೆಯವಳು. ಡೆಡ್‌ಲಿಫ್ಟ್ ಕೊನೇ ಸರದೀಲಿ ಬದಲಾಯಿಸಬಹುದು, ಬಾರಿಗೆ ಪ್ಲೇಟು ಹಾಕೋವರೆಗೆ. ಇನ್ನೊಬ್ಬಳು ಇದಾಳೆ ನಿನಗಿಂತ ಮುಂಚೆ. ಗೆರೆ ನೂರೈವತ್ತು ಅನ್ನತ್ತೆ. ನಾನು ಏನು ಹೇಳಬೇಕೋ ಗೊತ್ತಾಗ್ತಿಲ್ಲ, ನೀನು..."

"ಎರಡೂವರೆ ಹಾಕು," ಎಂದೆ.

"ಯೋಚನೆ ಮಾಡು, ಇನ್ನೂ..."

"ಮಾಡಿದೆ. ಹೋಗು, ಪ್ಲೇಟು ಹಾಕಿಬಿಡ್ತಾರೆ."

ಅವಳು ಮೇಜಿನ ಕಡೆ ಓಡಿದ್ದನ್ನು ನೋಡಿ ಆರ್ವೋ ಬೆಲ್ಟು ಬಿಗಿಯುತ್ತ ಕಿವಿಯಲ್ಲಿ ಹೇಳಿದ: "ಏಳೇ ಸೋಮಾರಿ."

ವೇದಿಕೆ. ಬಾಗಿಲ ಹತ್ತಿರ ಒಂದು ಹಸಿರು ಟೋಪಿ ಕಂಡಿತು. ಟ್ರಕ್ಕಿನಲ್ಲಿ ಇರಬೇಕಾಗಿದ್ದ ಟೋಪಿ. ಅದನ್ನು ನೋಡುತ್ತ ನಿಲ್ಲಲಿಲ್ಲ. ಬಾರ್ ಹಿಡಿದೆ. ಸಡಿಲವನ್ನೆಲ್ಲ ತೆಗೆದೆ, ತೂಕ ಕಾಲಿಗೆ ಬಂತು, ಬೆನ್ನಿಗೆ ಬಂತು, ಆಮೇಲೆ ನೆಲವನ್ನು ಕೆಳಗೆ ದೂಡಿದೆ.

ಎದ್ದಿತು. ಮೊಣಕಾಲಿನವರೆಗೆ ಬಂತು. ಅಲ್ಲಿ, ಏಪ್ರಿಲ್ ಇದ್ದ ಜಾಗದಲ್ಲಿ, ಬಾರ್ ಬಹುತೇಕ ನಿಂತಿತು. ಸಭಾಂಗಣ ಒಮ್ಮೆಲೇ ಸದ್ದಡಗಿತು; ಎಲ್ಲರೂ ಇದು ಮುಗಿಯಿತು ಎಂದುಕೊಂಡಿರಬೇಕು. ನನಗೆ ಹಾಗೆ ಅನ್ನಿಸಲಿಲ್ಲ. ಇದು ನನಗೆ ಗೊತ್ತಿದ್ದ ಜಾಗ. ಇಲ್ಲಿ ಹೀಗೇ ಇರುತ್ತದೆ. ಇಲ್ಲಿ ಆತುರ ಮಾಡಬಾರದು, ಬಿಡಲೂಬಾರದು. ಒಂದು ಬೆರಳಗಲ ಏರಿತು. ಇನ್ನೊಂದು ಬೆರಳಗಲ. ಯಾರೋ ಕೂಗಲು ಶುರುಮಾಡಿದರು, ಕೊಲೆಟ್‌ಳ ದನಿ ಅನ್ನಿಸಿತು, "ಬಿಡಬೇಡ್ವೇ, ಬಿಡಬೇಡ!" ತೊಡೆಯ ಮೇಲೆ ಉಕ್ಕು ಉಜ್ಜಿಕೊಂಡು ಏರುತ್ತಿತ್ತು, ನಾನು ಏರುತ್ತಿದ್ದೆ, ಸೊಂಟ ಮುಂದೆ ಬಂತು, ಭುಜ ಹಿಂದೆ ಹೋಯಿತು. ನೆಟ್ಟಗೆ ನಿಂತಿದ್ದೆ.

ತೀರ್ಪುಗಾರ್ತಿ ಕೈ ಇಳಿಸುವವರೆಗೆ ನಿಂತೇ ಇದ್ದೆ. ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿದ್ದರೂ ನಿಲ್ಲುತ್ತಿದ್ದೆ.

ಮೂರು ಬಿಳಿ ದೀಪ.

ಆಮೇಲಿನದು ಗೊಂದಲ. ಕೊಲೆಟ್ ವೇದಿಕೆಯ ಮೇಲೇ ಬಂದು ನನ್ನನ್ನು ಎತ್ತಿಬಿಟ್ಟಳು, ತೀರ್ಪುಗಾರ್ತಿ ಗದರಿದಳು. "ಇಷ್ಟು ಹೊತ್ತು ತಗೊಂಡು ಎತ್ತಿದೋರನ್ನ ನಾನು ನೋಡೇ ಇಲ್ಲ," ಎಂದಳು ಕೊಲೆಟ್. "ನಾನು ಆ ಹೊತ್ತಲ್ಲಿ ಮನೆಗೆ ಹೋಗಿ ಅಡುಗೆ ಮಾಡಿ ಬರ್ತಿದ್ದೆ ಕಣೇ." ಜನೀನ್ ಅಳುತ್ತ "ಎಷ್ಟಿತ್ತು? ಎಷ್ಟಿತ್ತು?" ಎನ್ನುತ್ತಿದ್ದಳು. ನಾನು ಬಾಯಿ ತೆರೆದೆ. ಹೇಳಲು ಸಂಖ್ಯೆಯೇ ಇರಲಿಲ್ಲ. ಅಳೆಯುವುದನ್ನು ಮರೆತಿದ್ದೆ.

"ಬೇಕಾದಷ್ಟಿತ್ತು," ಎಂದ ಆರ್ವೋ. ಅವನ ಕಣ್ಣೂ ಒದ್ದೆಯಾಗಿತ್ತು; ಹೀಟರ್ ಇಲ್ಲದ ಕಡೆ ತನಗೆ ಹೀಗಾಗುತ್ತದೆ ಎಂದ.

ಹಸಿರು ಟೋಪಿ ಜನರ ನಡುವೆ ದಾರಿ ಮಾಡಿಕೊಂಡು ಬಂತು. ಮರ್ರೆ ನನ್ನ ಬೆನ್ನಿನ ಮೇಲೆ, ಬೆಲ್ಟಿನ ಕೆಳಗೆ, ಅಂಗೈ ಇಟ್ಟುಕೊಂಡು ನಿಂತ.

ಮಾರ್ಚ್ 30, ಭಾನುವಾರ. ವಾವಾ

ದಾರಿಯಲ್ಲಿ ಊಟಕ್ಕೆ ನಿಂತೆವು. ಪರಿಚಾರಿಕೆ ಬಂದಳು, ಬಿಸಿ ಬೀಫ್ ಸ್ಯಾಂಡ್‌ವಿಚ್, ಆಮೇಲೆ ಬ್ಲೂಬೆರಿ ಪೈ ಎಂದೆ. ಮರ್ರೆ ತನ್ನ ಮೆನು ಕೆಳಗಿಟ್ಟು ನನ್ನನ್ನು ನೋಡಿದ. "ಏನು?" ಎಂದೆ. "ಏನಿಲ್ಲ," ಎಂದ. ಅವನೇ ಇಂದು ಬಹಳ ಹೊತ್ತು ತೆಗೆದುಕೊಂಡ.

ಆರ್ವೋ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯಲು ಶುರುಮಾಡಿದ ಮೇಲೆ ಮರ್ರೆ ರಸ್ತೆಯ ಮೇಲೇ ಕಣ್ಣಿಟ್ಟು ಕೇಳಿದ: "ನಾನು ಕೊನೇದು ಮಾತ್ರ ನೋಡ್ದೆ. ಅದಕ್ಕೆ ಮುಂಚೆ ಒಳಗೆ ಬರಕ್ಕೆ ಧೈರ್ಯ ಆಗಲಿಲ್ಲ. ಒಂದು ಕೇಳ್ಲಾ?"

"ಕೇಳು."

"ಆ ನೂರೈವತ್ತು. ಅದನ್ನ ಎತ್ತುವಾಗ ಹೇಗಿತ್ತು?"

"ಯಾವ ನೂರೈವತ್ತು?" ಎಂದೆ.

ಟ್ರಕ್ ಸ್ವಲ್ಪ ದೂರ ಹೋಯಿತು. ಆಮೇಲೆ ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು, ತಡೆಯಲಾಗಲಿಲ್ಲ. ನೂರನಲವತ್ತೈದು ಎತ್ತಿದೆ. ನೂರೈವತ್ತೆರಡೂವರೆ ಎತ್ತಿದೆ. ನಡುವೆ ನನ್ನ ಬಾರಿಗೆ ನೂರೈವತ್ತನ್ನು ಯಾರೂ ಹಾಕಲೇ ಇಲ್ಲ. ಇಡೀ ಚಳಿಗಾಲ ನಾನು ನಿದ್ದೆಯಲ್ಲೂ ಬಿಡದ ತೂಕ, ಅದನ್ನು ದಾಟಿ ಬಂದಿದ್ದೆ, ಮುಟ್ಟದೆಯೇ.

ಮರ್ರೆಗೂ ಅರ್ಥವಾಯಿತು. ಅವನು ಟ್ರಕ್ಕನ್ನು ರಸ್ತೆಯ ಅಂಚಿಗೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಕ್ಕ. ಆರ್ವೋ ಎಚ್ಚರಗೊಂಡು, "ಏನಾಯ್ತು? ಟೈರ್ ಹೋಯ್ತಾ?" ಎಂದ.

"ಏನೂ ಹೋಗಿಲ್ಲ, ಮಲಗು," ಎಂದು ನಾನು ಇಳಿದೆ, ಬೆನ್ನು ಸಡಿಲ ಮಾಡಲು. ಹಿಮದ ಮೇಲೆ ಎಷ್ಟು ದೂರ ನಡೆದೆನೋ. ಅವರಿಬ್ಬರೂ ಕಾಯುತ್ತಿದ್ದರು, ನಾನು ನಿಧಾನವಾಗಿ ಹೋಗಿ, ನಿಧಾನವಾಗಿ ಬಂದೆ.